ಅರ್ಲಿ ಅರ್ಜಿ ಡಿಫರ್ ಆಯಿತೇ? ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಯಾವ ಕೆಲಸ ಮೊದಲು, ಯಾವುದು ಆಮೇಲೆ

ಅಮೆರಿಕದ ಕಾಲೇಜಿಗೆ ನವೆಂಬರ್ 1ರೊಳಗೆ ಅರ್ಲಿ ಡಿಸಿಷನ್ (ಸೀಟು ಸಿಕ್ಕರೆ ಸೇರಲೇಬೇಕು) ಅಥವಾ ಅರ್ಲಿ ಆಕ್ಷನ್‌ನಲ್ಲಿ (ಆ ಕಟ್ಟುಪಾಡಿಲ್ಲ) ಅರ್ಜಿ ಹಾಕಿದವರಿಗೆ ಸಾಮಾನ್ಯವಾಗಿ ಡಿಸೆಂಬರ್ ಮಧ್ಯದಲ್ಲಿ ಉತ್ತರ ಬರುತ್ತದೆ. ಸೀಟು ಸಿಕ್ಕಿದೆ ಅಥವಾ ಇಲ್ಲ ಎಂಬ ಎರಡರ ನಡುವೆ ಮೂರನೆಯದೊಂದಿದೆ: ಡಿಫರ್. ಅಂದರೆ ನಿಮ್ಮ ಅರ್ಜಿಯನ್ನು ಜನವರಿಯಲ್ಲಿ ಹಾಕುವವರ ರೆಗ್ಯುಲರ್ ಸುತ್ತಿಗೆ ದಾಟಿಸಿದ್ದಾರೆ, ಮಾರ್ಚ್‌ನಲ್ಲಿ ಇನ್ನೊಮ್ಮೆ ನೋಡುತ್ತಾರೆ. ನಮ್ಮ ಕಡೆ ಸೀಟು ಸಿಕ್ಕ ಮೇಲೆ ಮುಂದಿನ ವರ್ಷಕ್ಕೆ ಹಾಕಿಸಿಕೊಳ್ಳುವುದಕ್ಕೂ ‘ಡಿಫರ್’ ಅನ್ನುತ್ತಾರೆ. ಅದು ಬೇರೆ ವಿಷಯ, ಇಲ್ಲಿ ಅದರ ಮಾತಿಲ್ಲ.

ಈ ಹಂತದಲ್ಲಿ ಎಡವುವವರು ಹೆಚ್ಚಾಗಿ ಎರಡೇ ಕಡೆ ಎಡವುತ್ತಾರೆ. ಡಿಸೆಂಬರ್‌ನ ಕೊನೆಯ ಎರಡು ವಾರ ಡಿಫರ್ ಮಾಡಿದ ಕಾಲೇಜನ್ನು ಒಲಿಸಿಕೊಳ್ಳುವುದರಲ್ಲೇ ಕಳೆದು, ಜನವರಿ 1ಕ್ಕೆ ಹೋಗಬೇಕಾದ ಉಳಿದ ಅರ್ಜಿಗಳನ್ನು ಹಾಳುಮಾಡಿಕೊಳ್ಳುವುದು ಒಂದು. ಫೆಬ್ರವರಿಯಲ್ಲಿ ಶಾಲೆಯಿಂದ ಹೋಗಬೇಕಾದ ಮಧ್ಯವಾರ್ಷಿಕ ಅಂಕಗಳು ಹೋಗದೇ ಇರುವುದು ಇನ್ನೊಂದು. ಆಮೇಲೆ ಕಾಲೇಜಿಗೆ ಬರೆಯುವ ಪತ್ರ ಎಷ್ಟು ಚೆನ್ನಾಗಿದ್ದರೂ ಈ ಎರಡು ತಪ್ಪನ್ನು ಅದು ಮುಚ್ಚುವುದಿಲ್ಲ.

ಮೊದಲೇ ಕೈಗೆ ಎಟುಕುವಂತೆ ಇಟ್ಟುಕೊಳ್ಳಬೇಕಾದವು

ಕಾಲೇಜಿನ ಅರ್ಜಿದಾರರ ಪೋರ್ಟಲ್ ಮತ್ತು ಕಾಮನ್ ಆಪ್ (ಹಲವು ಕಾಲೇಜಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಜಾಲತಾಣ) ಎರಡರ ಲಾಗಿನ್. ನವೆಂಬರ್‌ನಲ್ಲಿ ಕಳಿಸಿದ ಅರ್ಜಿಯ ಪೂರ್ತಿ ಪಿಡಿಎಫ್. ಶಾಲೆಯ ಕೌನ್ಸೆಲರ್ ಅಥವಾ ಪ್ರಾಂಶುಪಾಲರ ಅಧಿಕೃತ ಇಮೇಲ್. ಶಾಲೆಯ ಪಠ್ಯಕ್ರಮ, ಅಂಕಪದ್ಧತಿ ವಿವರಿಸುವ ಸ್ಕೂಲ್ ಪ್ರೊಫೈಲ್. ಮಧ್ಯವಾರ್ಷಿಕ ಮತ್ತು ಪ್ರೀ-ಬೋರ್ಡ್ ಅಂಕಗಳು ಎಂದು ಕೈಸೇರುತ್ತವೆ ಎಂಬ ದಿನಾಂಕ. ಪಿಡಿಎಫ್ ಇಲ್ಲದೆ ಮುಂದಿನ ಪತ್ರ ಬರೆಯಲೇಬೇಡಿ. ಅದರಲ್ಲಿ ಏನೇನು ಹೇಳಿಯಾಗಿದೆ ಎಂದು ನೋಡದೆ ಬರೆದರೆ ಹೇಳಿದ್ದನ್ನೇ ಮತ್ತೆ ಹೇಳುತ್ತೀರಿ.

ಹಂತ 1: ಕಾಲೇಜು ಕಳಿಸಿದ ಡಿಫರ್ ಪತ್ರದ ಕೊನೆಯ ಪ್ಯಾರಾ ಓದಿ

ಮೊದಲ ಪ್ಯಾರಾದಲ್ಲಿ ಸಮಾಧಾನದ ಮಾತಿರುತ್ತದೆ, ಕೆಲಸದ ಮಾತು ಕೊನೆಯಲ್ಲಿ. ಹುಡುಕಬೇಕಾದದ್ದು ಮೂರು. ಹೊಸ ಮಾಹಿತಿ ಕಳಿಸಬಹುದೇ? ಕಳಿಸಬಹುದಾದರೆ ಎಲ್ಲಿಗೆ: ಪೋರ್ಟಲ್‌ನ ಅಪ್‌ಲೋಡ್ ಪುಟಕ್ಕೋ, ಪ್ರತ್ಯೇಕ ಫಾರಂಗೋ, ಇಮೇಲ್‌ಗೋ? ಕೊನೆಯ ದಿನಾಂಕ ಯಾವುದು?

ಒಂದೊಂದು ಕಾಲೇಜಿನ ಕ್ರಮ ಒಂದೊಂದು. ಎಂಐಟಿ ಡಿಫರ್ ಆದವರಿಗೂ ‘ಫೆಬ್ರವರಿ ಅಪ್‌ಡೇಟ್ಸ್ ಅಂಡ್ ನೋಟ್ಸ್’ ಎಂಬ ತನ್ನದೇ ಫಾರಂ ಕೊಡುತ್ತದೆ, ಮಧ್ಯವಾರ್ಷಿಕ ಅಂಕಗಳನ್ನು ವಿದ್ಯಾರ್ಥಿಯೇ ಅದರಲ್ಲಿ ತುಂಬಬೇಕು. ಕೆಲವು ಕಾಲೇಜುಗಳು ಮುಂದುವರಿಯಲು ಇಷ್ಟವಿದೆಯೇ ಎಂದು ಪೋರ್ಟಲ್‌ನಲ್ಲಿ ಒಂದು ಗುಂಡಿ ಒತ್ತಿಸುತ್ತವೆ. ಒತ್ತದಿದ್ದರೆ ಅರ್ಜಿ ಅಲ್ಲಿಗೇ ಮುಗಿಯುತ್ತದೆ, ನೆನಪೋಲೆ ಸ್ಪ್ಯಾಮ್‌ಗೆ ಹೋಗಿರುತ್ತದೆ. ಇನ್ನು ಕೆಲವು ಏನನ್ನೂ ಕಳಿಸಬೇಡಿ ಎಂದು ನೇರವಾಗಿ ಬರೆಯುತ್ತವೆ. ಅಂಥಲ್ಲಿ ಏನನ್ನೂ ಕಳಿಸಬೇಡಿ. ಸೂಚನೆ ಓದಿ ನಡೆಯಲಾರದವರು ಎಂಬ ಗುರುತು ಬೀಳುತ್ತದೆ ಅಷ್ಟೇ.

ಹಂತ 2: ಅವಕಾಶ ಎಷ್ಟೆಂದು ಲೆಕ್ಕ ಹಾಕಿ

ಡಿಫರ್ ಅಂದರೆ ‘ಸ್ವಲ್ಪದರಲ್ಲಿ ತಪ್ಪಿತು’ ಎಂದು ಮನೆಮಂದಿ ಅರ್ಥ ಮಾಡಿಕೊಳ್ಳುತ್ತಾರೆ. ಕೆಲವು ಕಡೆ ಅದು ನಿಜ, ಬಹಳ ಕಡೆ ಅಲ್ಲ. ಆ ಕಾಲೇಜು ಎಷ್ಟು ಜನರನ್ನು ಡಿಫರ್ ಮಾಡುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ.

ಹಾರ್ವರ್ಡ್ ಅರ್ಲಿಯಲ್ಲಿ ಬಂದ ಅರ್ಜಿಗಳಲ್ಲಿ ಬಹುಪಾಲನ್ನು ಡಿಫರ್ ಮಾಡುವ ಕಾಲೇಜು. 2021ರಲ್ಲಿ ಸೇರಬೇಕಿದ್ದ ತಂಡದ ಅರ್ಲಿ ಸುತ್ತಿನಲ್ಲಿ 10,086 ಅರ್ಜಿ ಬಂದು, 747 ಜನರಿಗೆ ಸೀಟು ಸಿಕ್ಕಿತು, ಸುಮಾರು 80 ಶೇಕಡ ಡಿಫರ್ ಆದವು. ಅಲ್ಲಿ ಡಿಫರ್ ಆದರೆ ಅದರಿಂದ ನಿಮಗೆ ತಿಳಿಯುವುದು ತೀರಾ ಕಡಿಮೆ. ಯೇಲ್ ಇತ್ತೀಚೆಗೆ ಇದಕ್ಕೆ ತದ್ವಿರುದ್ಧ: ಬಹಳಷ್ಟನ್ನು ಡಿಸೆಂಬರ್‌ನಲ್ಲೇ ತಿರಸ್ಕರಿಸಿ ಐದರಲ್ಲಿ ಒಂದರಷ್ಟನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಸ್ಟ್ಯಾನ್‌ಫರ್ಡ್ ಕೂಡ ಕೆಲವರನ್ನಷ್ಟೇ ಡಿಫರ್ ಮಾಡುತ್ತದೆ. ಇಂಥಲ್ಲಿ ಡಿಫರ್ ಆಗಿದ್ದರೆ ಅರ್ಜಿಯಲ್ಲಿ ಅವರಿಗೆ ಏನೋ ಹಿಡಿಸಿದೆ ಎಂದೇ ಅರ್ಥ.

ಆದರೂ ರೆಗ್ಯುಲರ್ ಸುತ್ತಿನ ಗಣಿತ ಕಠಿಣ. 2024ರಲ್ಲಿ ಸೇರಿದ ತಂಡಕ್ಕೆ ಹಾರ್ವರ್ಡ್‌ಗೆ ಬಂದ ಒಟ್ಟು ಅರ್ಜಿ 54,008, ಸಿಕ್ಕ ಸೀಟು 1,937. ಅದರಲ್ಲಿ 692 ಸೀಟು ಅರ್ಲಿಯಲ್ಲೇ, 7,921 ಅರ್ಜಿಗಳ ನಡುವೆ, ಹೋದವು. ಉಳಿದ 1,245 ಸೀಟಿಗೆ 46,000ಕ್ಕೂ ಹೆಚ್ಚು ಹೊಸ ಅರ್ಜಿ, ಅದರ ಮೇಲೆ ಡಿಫರ್ ಆಗಿ ಬಂದವರು. ನೂರಕ್ಕೆ ಮೂರೂ ಇಲ್ಲ. ನಿಮ್ಮ ಕಾಲೇಜಿನದೂ ಹೀಗೇ ಕೂಡಿ ಕಳೆದು ನೋಡಿ: ಒಟ್ಟು ಸೀಟಿನಿಂದ ಅರ್ಲಿ ಸೀಟು ತೆಗೆಯಿರಿ, ಒಟ್ಟು ಅರ್ಜಿಯಿಂದ ಅರ್ಲಿ ಅರ್ಜಿ ತೆಗೆದು ಡಿಫರ್ ಆದವರನ್ನು ಮತ್ತೆ ಸೇರಿಸಿ. ಬರುವ ಅಂಕಿಯನ್ನೇ ಸದ್ಯಕ್ಕೆ ನಿಮ್ಮ ಅವಕಾಶವೆಂದು ಇಟ್ಟುಕೊಳ್ಳಿ.

ಪರ್ಡ್ಯೂ, ಇಲಿನಾಯ್ ಅರ್ಬಾನಾ-ಶಾಂಪೇನ್, ಮಿಷಿಗನ್‌ನಂಥ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳ ಕತೆ ಬೇರೆ. ಇವುಗಳ ಅರ್ಲಿ ಆಕ್ಷನ್ ಉತ್ತರ ಜನವರಿಯಲ್ಲಿ ಬರುತ್ತದೆ. ಇಲ್ಲಿ ಅಡ್ಡ ಬರುವುದು ಬಹಳ ಸಲ ವಿದ್ಯಾರ್ಥಿಯಲ್ಲ, ಕೋರ್ಸು: ಕಂಪ್ಯೂಟರ್ ಸೈನ್ಸ್ ಮತ್ತು ಎಂಜಿನಿಯರಿಂಗ್ ಸೀಟಿಗೆ ನೂಕುನುಗ್ಗಲು. ಬೇರೆ ಮೇಜರ್‌ಗೆ (ಮುಖ್ಯ ವಿಷಯಕ್ಕೆ) ಬದಲಿಸಿಕೊಳ್ಳಲು ಈ ಹಂತದಲ್ಲಿ ಬಿಡುತ್ತಾರೆಯೇ ಎಂದು ಅಡ್ಮಿಷನ್ ಕಚೇರಿಗೆ ಒಂದು ಇಮೇಲ್ ಹಾಕಿ ಕೇಳಿ. ಆದರೆ ‘ಒಳಗೆ ಹೋದ ಮೇಲೆ ಸಿಎಸ್‌ಗೆ ಬದಲಿಸಿಕೊಂಡರಾಯಿತು’ ಎಂಬ ಏಜೆಂಟರ ಮಾತು ನಂಬಿ ಬದಲಿಸಬೇಡಿ. ಒಳಗೆ ಹೋದವರಿಗೆ ಆ ಬಾಗಿಲು ಹಲವು ಕಡೆ ಮುಚ್ಚೇ ಇರುತ್ತದೆ. ಬದಲಿಸಿದ ಕೋರ್ಸಿನಲ್ಲೇ ನಾಲ್ಕು ವರ್ಷ ಓದಲು ಒಪ್ಪಿಗೆ ಇದ್ದರೆ ಮಾತ್ರ ಕೇಳಿ.

ಹಣದ ನೆರವು ಕೇಳಿದ್ದೀರಾ? ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್, ಡಾರ್ಟ್‌ಮತ್ ಹೀಗೆ ಬೆರಳೆಣಿಕೆಯ ಕಾಲೇಜುಗಳು ವಿದೇಶಿ ವಿದ್ಯಾರ್ಥಿ ನೆರವು ಕೇಳಿದ್ದನ್ನು ಸೀಟು ಕೊಡುವಾಗ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಉಳಿದ ಬಹುತೇಕ ಕಡೆ ಅದು ಲೆಕ್ಕಕ್ಕೆ ಬರುತ್ತದೆ. ಹಾಗಂತ ಡಿಫರ್ ಆದ ತಕ್ಷಣ ನೆರವಿನ ಕೋರಿಕೆ ಹಿಂದಕ್ಕೆ ತೆಗೆದುಕೊಳ್ಳಿ ಎಂಬ ಸಲಹೆಗೆ ತಲೆ ಆಡಿಸಬೇಡಿ. ಮೊದಲು ಬೇಡವೆಂದ ವಿದೇಶಿ ವಿದ್ಯಾರ್ಥಿ ನಾಲ್ಕು ವರ್ಷವೂ ಕೇಳುವಂತಿಲ್ಲ ಎಂಬ ನಿಯಮ ಬಹಳ ಕಡೆ ಇದೆ. ಎರಡನೇ ವರ್ಷ ಶುಲ್ಕ ಕಟ್ಟಲು ಮನೆ ಅಡವಿಡುವ ಸ್ಥಿತಿ ಬರಬಹುದು.

ಹಂತ 3: ಜನವರಿಯ ಅರ್ಜಿಗಳನ್ನು ಮೊದಲು ಮುಗಿಸಿ

ಉತ್ತರ ಬಂದ ದಿನದಿಂದ ಜನವರಿ 1ಕ್ಕೆ ಎರಡು ವಾರ ಚಿಲ್ಲರೆ ಇರುತ್ತದೆ. ಈ ಎರಡು ವಾರ ಡಿಫರ್ ಮಾಡಿದ ಕಾಲೇಜನ್ನು ಮರೆತುಬಿಡಿ. ಅಲ್ಲಿ ಈಗ ನಿಮ್ಮ ಕಡತ ತೆರೆಯುವವರು ಯಾರೂ ಇಲ್ಲ, ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಕಚೇರಿಗಳೇ ಮುಚ್ಚಿರುತ್ತವೆ.

ಯಾವ ಬಾಗಿಲು ಈಗಾಗಲೇ ಮುಚ್ಚಿದೆ ಎಂದು ಮೊದಲು ನೋಡಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ, ಲಾಸ್ ಏಂಜಲೀಸ್ ಮುಂತಾದ ಎಲ್ಲ ಕ್ಯಾಂಪಸ್‌ಗಳ ಅರ್ಜಿ ನವೆಂಬರ್ ಕೊನೆಗೇ ಮುಗಿಯುತ್ತದೆ, ಅಲ್ಲಿ ಅರ್ಲಿ ಸುತ್ತೇ ಇಲ್ಲ. ‘ಡಿಫರ್ ಆದರೆ ಯುಸಿಗೆ ಹಾಕೋಣ’ ಎಂದು ಕಾದವರು ಪ್ರತಿ ವರ್ಷ ಸಿಗುತ್ತಾರೆ. ತಮ್ಮ, ತಂಗಿ ಮುಂದಿನ ಸಲ ಹಾಕುವವರಿದ್ದರೆ ಇದನ್ನು ಈಗಲೇ ಗೋಡೆಗೆ ಬರೆದಿಡಿ.

ಎರಡನೆಯದು ಪಟ್ಟಿಯ ಮರುಜೋಡಣೆ. ಮೊದಲ ಆಯ್ಕೆಯಲ್ಲಿ ಡಿಫರ್ ಆದವರು ಸಿಟ್ಟಿಗೋ ಆತಂಕಕ್ಕೋ ಅಷ್ಟೇ ಕಷ್ಟದ ಐದಾರು ಕಾಲೇಜು ಸೇರಿಸುತ್ತಾರೆ. ಬೇಕಾದದ್ದು ಅದರ ಉಲ್ಟಾ: ನಿಮ್ಮ ಅಂಕ, ಸ್ಯಾಟ್ (ಪ್ರವೇಶ ಪರೀಕ್ಷೆ) ಮತ್ತು ಮನೆಯ ಖರ್ಚಿಗೆ ನಿಜವಾಗಿ ಹೊಂದುವ ಎರಡು ಮೂರು ಕಾಲೇಜು. ಅರಿಜೋನಾ ಸ್ಟೇಟ್‌ನಂಥ, ಬಂದಂತೆ ಉತ್ತರ ಕೊಡುವ ವಿಶ್ವವಿದ್ಯಾಲಯವೊಂದು ಪಟ್ಟಿಯಲ್ಲಿದ್ದರೆ ಫೆಬ್ರವರಿಯಲ್ಲಿ ನಿದ್ದೆ ಬರುತ್ತದೆ. ಕಾಮನ್ ಆಪ್‌ನಲ್ಲಿ 20 ಕಾಲೇಜಿನ ಮಿತಿ ಇದೆ, ಅದನ್ನು ತುಂಬಿಸಲೇಬೇಕೆಂದಿಲ್ಲ. ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಹಾಕುವ ಯುಕ್ಯಾಸ್ ಅರ್ಜಿ ಮತ್ತು ಕೆನಡಾದ ಹಲವು ಅರ್ಜಿಗಳ ಗಡುವೂ ಜನವರಿಯಲ್ಲೇ ಬೀಳುತ್ತದೆ. ಊರಲ್ಲೇ ಓದುವ ದಾರಿ ಇಟ್ಟುಕೊಂಡವರು ಕೆಸಿಇಟಿ, ಕಾಮೆಡ್‌ಕೆ ಅರ್ಜಿಗಳ ಪ್ರಕಟಣೆ ಮೇಲೂ ಜನವರಿಯಿಂದ ಕಣ್ಣಿಡಿ.

ಮೂರನೆಯದು ಶಾಲೆ. ಹೊಸದಾಗಿ ಸೇರಿಸಿದ ಪ್ರತಿ ಕಾಲೇಜಿಗೂ ಕೌನ್ಸೆಲರ್ ಕಡೆಯಿಂದ ಕಾಗದ ಹೋಗಬೇಕು. ಮಿಷನರಿ ಶಾಲೆಗಳು ಕ್ರಿಸ್‌ಮಸ್ ರಜೆಗೆ ಬೀಗ ಹಾಕಿದರೆ ಜನವರಿ ಮೊದಲ ವಾರದವರೆಗೆ ಸೀಲೂ ಇಲ್ಲ, ಸಹಿಯೂ ಇಲ್ಲ. ಡಿಸೆಂಬರ್ 20ರೊಳಗೆ ಪಟ್ಟಿಯನ್ನು ಬರೆದುಕೊಡಿ.

ಗಡಿಯಾರದ ವಿಷಯ: ಕಾಮನ್ ಆಪ್‌ನಲ್ಲಿ ಸಾಮಾನ್ಯವಾಗಿ ನೀವಿರುವ ಊರಿನ ರಾತ್ರಿ 11:59ರ ಲೆಕ್ಕ. ಕಾಲೇಜುಗಳ ಸ್ವಂತ ಪೋರ್ಟಲ್‌ಗಳು ತಮ್ಮ ಊರಿನ ಹೊತ್ತು ಹಿಡಿಯಬಹುದು. ಚಳಿಗಾಲದಲ್ಲಿ ನ್ಯೂಯಾರ್ಕ್‌ನ ರಾತ್ರಿ 11:59 ಅಂದರೆ ನಮಗೆ ಮರುದಿನ ಬೆಳಿಗ್ಗೆ 10:29. ಆ ಹತ್ತೂವರೆ ಗಂಟೆಯನ್ನು ನಂಬಿ ಕೂರಬೇಡಿ, ಎರಡು ದಿನ ಮೊದಲೇ ಕಳಿಸಿ.

ಇದರ ಜೊತೆಗೇ ಬಗೆಹರಿಸಬೇಕಾದದ್ದು ಇಡಿ 2, ಅಂದರೆ ಅರ್ಲಿ ಡಿಸಿಷನ್‌ನ ಎರಡನೇ ಸುತ್ತು. ಅರ್ಲಿ ಡಿಸಿಷನ್‌ನಲ್ಲಿ ಡಿಫರ್ ಆದೊಡನೆ ಆ ಕಾಲೇಜಿನ ಕಟ್ಟುಪಾಡು ಬಿಡುಗಡೆಯಾಗುತ್ತದೆ, ಬೇರೊಂದು ಕಾಲೇಜಿಗೆ ಇಡಿ 2ರಲ್ಲಿ ಹಾಕಬಹುದು. ಹಾರ್ವರ್ಡ್, ಪ್ರಿನ್ಸ್‌ಟನ್, ಯೇಲ್‌ಗಳಲ್ಲಿ ಅರ್ಲಿ ಆಕ್ಷನ್ ಡಿಫರ್ ಆದವರಿಗೂ ಇದು ಮುಕ್ತ. ಶಿಕಾಗೊ, ವಾಂಡರ್‌ಬಿಲ್ಟ್, ಎಮರಿ, ಜಾನ್ಸ್ ಹಾಪ್ಕಿನ್ಸ್, ನ್ಯೂಯಾರ್ಕ್ ವಿಶ್ವವಿದ್ಯಾಲಯ, ಟಫ್ಟ್ಸ್ ಇಂಥಲ್ಲಿ ಈ ಸುತ್ತಿದೆ, ಗಡುವು ಜನವರಿ ಮೊದಲ ದಿನಗಳಲ್ಲಿ, ಉತ್ತರ ಫೆಬ್ರವರಿ ಮಧ್ಯದಲ್ಲಿ. ವಿದ್ಯಾರ್ಥಿ, ಪೋಷಕರು, ಕೌನ್ಸೆಲರ್ ಮೂವರೂ ಹೊಸ ಒಪ್ಪಂದಕ್ಕೆ ಸಹಿ ಹಾಕಬೇಕು. ಸೀಟು ಸಿಕ್ಕರೆ ಡಿಫರ್ ಆದ ಅರ್ಜಿಯನ್ನೂ ಸೇರಿಸಿ ಉಳಿದದ್ದನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳಬೇಕು. ಆದ್ದರಿಂದ ಮನೆಯಲ್ಲಿ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಫೆಬ್ರವರಿ 15ಕ್ಕೆ ಇಲ್ಲಿ ಸೀಟು ಸಿಕ್ಕಿ, ಮಾರ್ಚ್‌ನಲ್ಲಿ ಮೊದಲ ಕಾಲೇಜಿನ ಉತ್ತರ ಏನಿರುತ್ತಿತ್ತು ಎಂದು ಎಂದಿಗೂ ಗೊತ್ತಾಗದೆ ಹೋದರೆ ಸರಿಯೇ? ‘ಸರಿ’ ಎಂದು ತಕ್ಷಣ ಬರದಿದ್ದರೆ ರೆಗ್ಯುಲರ್‌ನಲ್ಲೇ ಹಾಕಿ. ನಾಲ್ಕಾರು ಕಾಲೇಜುಗಳ ನೆರವನ್ನು ಹೋಲಿಸಿ ಆರಿಸಬೇಕಾದ ಕುಟುಂಬಕ್ಕೂ ಇಡಿ 2 ಹೊಂದುವುದಿಲ್ಲ.

ಹಂತ 4: ಮಧ್ಯವಾರ್ಷಿಕ ಅಂಕಗಳು

ಡಿಫರ್ ಮಾಡುವುದಕ್ಕೆ ಒಂದು ದೊಡ್ಡ ಕಾರಣವೇ ಇದು: ಹನ್ನೆರಡನೇ ತರಗತಿಯ ಅಂಕ ನೋಡಿ ತೀರ್ಮಾನಿಸೋಣ ಎಂದು. ಕಾಮನ್ ಆಪ್‌ನಲ್ಲಿ ಇದಕ್ಕೆ ಮಿಡ್-ಇಯರ್ ರಿಪೋರ್ಟ್ ಎಂಬ ಫಾರಂ ಇದೆ. ಹೆಚ್ಚಿನ ಕಾಲೇಜುಗಳಲ್ಲಿ ಅದನ್ನು ಕಳಿಸಬೇಕಾದವರು ಕೌನ್ಸೆಲರ್, ವಿದ್ಯಾರ್ಥಿಯಲ್ಲ. ಬಹಳಷ್ಟು ಕಾಲೇಜುಗಳು ಫೆಬ್ರವರಿ ಮಧ್ಯದೊಳಗೆ ಕೇಳುತ್ತವೆ.

ನಮ್ಮ ತೊಡಕು ಇಲ್ಲೇ ಶುರು. ಸಿಬಿಎಸ್‌ಇ, ಐಎಸ್‌ಸಿ ಶಾಲೆಗಳು ಪ್ರೀ-ಬೋರ್ಡ್‌ನಲ್ಲಿ ಬೇಕೆಂದೇ ಬಿಗಿಯಾಗಿ ಅಂಕ ಹಾಕುತ್ತವೆ, ಮಕ್ಕಳು ಹೆದರಿ ಓದಲಿ ಎಂದು. ಹನ್ನೊಂದರಲ್ಲಿ 94 ಇದ್ದ ಹುಡುಗಿಗೆ ಜನವರಿಯ ಪ್ರೀ-ಬೋರ್ಡ್‌ನಲ್ಲಿ 83 ಬರುತ್ತದೆ. ಶಾಲೆಗೆ ಅದು ಮಾಮೂಲು. ಅಡ್ಮಿಷನ್ ಅಧಿಕಾರಿಗೆ ಅದು ಕುಸಿತ. ಇದನ್ನು ಸರಿಪಡಿಸುವುದು ಕೌನ್ಸೆಲರ್ ಬರೆಯುವ ಎರಡು ಸಾಲು: ಈ ಪರೀಕ್ಷೆಯಲ್ಲಿ ಇಡೀ ತರಗತಿಯ ಗರಿಷ್ಠ ಅಂಕ ಎಷ್ಟು, ಕಳೆದ ವರ್ಷದ ತಂಡದ ಪ್ರೀ-ಬೋರ್ಡ್‌ಗೂ ಬೋರ್ಡ್‌ಗೂ ಅಂತರ ಎಷ್ಟಿತ್ತು. ಗರಿಷ್ಠವೇ 86 ಎಂದು ತಿಳಿದರೆ 83ರ ಅರ್ಥವೇ ಬದಲಾಗುತ್ತದೆ. ಈ ಎರಡು ಸಾಲನ್ನು ನೀವೇ ಕೇಳಿ ಬರೆಸಿಕೊಳ್ಳಬೇಕು, ತಾನಾಗಿ ಯಾರೂ ಬರೆಯುವುದಿಲ್ಲ.

ಪಿಯು ಕಾಲೇಜುಗಳಲ್ಲಿ ಕೌನ್ಸೆಲರ್ ಎಂಬ ಹುದ್ದೆಯೇ ಬಹುತೇಕ ಇರುವುದಿಲ್ಲ, ಪ್ರಾಂಶುಪಾಲರೋ ಒಬ್ಬ ಉಪನ್ಯಾಸಕರೋ ಆ ಕೆಲಸ ಮಾಡಬೇಕು. ದ್ವಿತೀಯ ಪಿಯು ಮಧ್ಯವಾರ್ಷಿಕ ಪರೀಕ್ಷೆಯ ಅಂಕ, ಪೂರ್ವಸಿದ್ಧತಾ ಪರೀಕ್ಷೆ ಮುಗಿದಿದ್ದರೆ ಅದರ ಅಂಕ, ಎರಡನ್ನೂ ಕಾಲೇಜಿನ ಲೆಟರ್‌ಹೆಡ್ ಮೇಲೆ ವಿಷಯವಾರು ಬರೆಸಿ, ಸಹಿ ಸೀಲು ಹಾಕಿಸಿ, ಸ್ಕ್ಯಾನ್ ಮಾಡಿ, ಪ್ರಾಂಶುಪಾಲರ ಕಾಮನ್ ಆಪ್ ಖಾತೆಯಿಂದ ಅಪ್‌ಲೋಡ್ ಮಾಡಿಸಬೇಕು. ಪಕ್ಕದಲ್ಲಿ ಕೂತು ಮಾಡಿಸಿ, ಪಾಸ್‌ವರ್ಡ್ ಇಸಿದುಕೊಂಡು ನೀವೇ ಮಾಡಬೇಡಿ. ಕೌನ್ಸೆಲರ್ ಖಾತೆ ವಿದ್ಯಾರ್ಥಿಯ ಕೈಯಲ್ಲಿತ್ತು ಎಂದು ತಿಳಿದರೆ ಅರ್ಜಿಯೇ ರದ್ದಾಗಬಹುದು.

ಸಿಬಿಎಸ್‌ಇ ಬೋರ್ಡ್ ಪರೀಕ್ಷೆ ಫೆಬ್ರವರಿ ಮಧ್ಯದಲ್ಲಿ ಶುರುವಾಗುತ್ತದೆ, ಪಿಯು ವಾರ್ಷಿಕ ಪರೀಕ್ಷೆ ಅದರ ಹಿಂದೆಯೇ. ಹೀಗಾಗಿ ಈ ಕಾಗದದ ಕೆಲಸಕ್ಕೆ ಜನವರಿ ಕೊನೆಯ ವಾರವೇ ನಿಮ್ಮ ನಿಜವಾದ ಗಡುವು. ಕಳಿಸಿದ ಐದು ದಿನದ ನಂತರ ಪೋರ್ಟಲ್ ತೆರೆದು, ಮಿಡ್-ಇಯರ್ ಸಾಲಿನ ಮುಂದೆ ‘ಸ್ವೀಕರಿಸಲಾಗಿದೆ’ ಎಂದು ಬಂದಿದೆಯೇ ನೋಡಿ. ಹತ್ತು ದಿನವಾದರೂ ಬರದಿದ್ದರೆ ಶಾಲೆಯಿಂದಲೇ ಇಮೇಲ್ ಹಾಕಿಸಿ.

ಹಂತ 5: ಒಂದೇ ಪತ್ರ, ಒಂದೇ ಸಲ

ಆಸಕ್ತಿ ಮುಂದುವರಿದಿದೆ ಎಂದು ತಿಳಿಸುವ ಪತ್ರವನ್ನು ಜನವರಿ ಎರಡನೇ ವಾರದಿಂದ ಫೆಬ್ರವರಿ ಮೊದಲ ವಾರದೊಳಗೆ ಕಳಿಸಿ. ಕಾಲೇಜು ದಿನಾಂಕ ಕೊಟ್ಟಿದ್ದರೆ ಅದೇ ಅಂತಿಮ. ಡಿಫರ್ ಆದ ಮರುದಿನವೇ ಬರೆದ ಪತ್ರದಲ್ಲಿ ಬೇಸರ ಇರುತ್ತದೆ, ಸುದ್ದಿ ಇರುವುದಿಲ್ಲ.

ಉದ್ದ 300ರಿಂದ 350 ಪದ, ಒಂದು ಪುಟ ದಾಟಬಾರದು. ಮೇಲೆ ಹೆಸರು, ಅರ್ಜಿ ಸಂಖ್ಯೆ, ಶಾಲೆ, ಊರು. ಮೊದಲ ಎರಡು ಸಾಲಿನಲ್ಲಿ ನಿಲುವು: ಈ ಕಾಲೇಜೇ ಮೊದಲ ಆಯ್ಕೆ, ಸೀಟು ಕೊಟ್ಟರೆ ಸೇರುತ್ತೇನೆ ಎಂಬುದು ನಿಜವಾಗಿದ್ದರೆ ಹಾಗೇ ಬರೆಯಿರಿ. ಈ ಮಾತನ್ನು ಒಂದೇ ಕಾಲೇಜಿಗೆ ಹೇಳಬಹುದು. ನೆರವು ಸಿಕ್ಕರೆ ಮಾತ್ರ ಸೇರಬಲ್ಲಿರಾದರೆ ಅದನ್ನೂ ಅಡಗಿಸಬೇಡಿ.

ನಡುವಿನ ಭಾಗವೇ ಪತ್ರದ ಜೀವ: ನವೆಂಬರ್ 1ರ ನಂತರ ಆದದ್ದು, ಎರಡು ಅಥವಾ ಮೂರು ಸಂಗತಿ. ಗಣಿತ ಒಲಿಂಪಿಯಾಡ್‌ನ ಪ್ರಾದೇಶಿಕ ಸುತ್ತು (ಆರ್‌ಎಂಒ) ದಾಟಿ ರಾಷ್ಟ್ರೀಯ ಸುತ್ತಿಗೆ (ಐಎನ್‌ಎಂಒ) ಆಯ್ಕೆಯಾಗಿದ್ದರೆ, ನವೆಂಬರ್‌ನಲ್ಲಿ ಬರೆದ ವಿಜ್ಞಾನ ಒಲಿಂಪಿಯಾಡ್‌ನ ಮೊದಲ ಸುತ್ತು ದಾಟಿದ್ದರೆ ಅದು ಒಳ್ಳೆಯ ಸುದ್ದಿ, ಏಕೆಂದರೆ ಫಲಿತಾಂಶ ಬರುವುದೇ ನಿಮ್ಮ ಅರ್ಜಿ ಹೋದ ಮೇಲೆ. ಪ್ರಶಸ್ತಿ ಇಲ್ಲದವರು ಗಾಬರಿಯಾಗಬೇಕಿಲ್ಲ. ಮೊದಲೇ ಹೇಳಿದ ಕೆಲಸ ಎಷ್ಟು ಮುಂದೆ ಹೋಯಿತು ಎಂಬುದೂ ಸುದ್ದಿಯೇ.

ಪತ್ರ ಇಂಗ್ಲಿಷಿನಲ್ಲೇ ಹೋಗುತ್ತದೆ, ಇಲ್ಲಿ ತಾತ್ಪರ್ಯ ನೋಡಿ. ಹೆಚ್ಚಿನವರು ಬರೆಯುವುದು ಹೀಗೆ: ‘ನಿಮ್ಮ ವಿಶ್ವವಿದ್ಯಾಲಯ ನನ್ನ ಬಾಲ್ಯದ ಕನಸು. ಅಲ್ಲಿನ ವಿಶ್ವದರ್ಜೆಯ ಪ್ರಾಧ್ಯಾಪಕರು ಮತ್ತು ವೈವಿಧ್ಯಮಯ ವಾತಾವರಣ ನನ್ನನ್ನು ಸೆಳೆದಿದೆ. ನಾನು ಪರಿಸರ ಸಂಶೋಧನೆಯನ್ನು ಶ್ರದ್ಧೆಯಿಂದ ಮುಂದುವರಿಸಿದ್ದೇನೆ.’ ಕಾಲೇಜಿನ ಹೆಸರು ಬದಲಿಸಿದರೆ ಯಾರಿಗೆ ಬೇಕಾದರೂ ಕಳಿಸಬಹುದು.

ಅದೇ ವಿದ್ಯಾರ್ಥಿ ಹೀಗೆ ಬರೆಯಬಹುದಿತ್ತು: ‘ಅರ್ಜಿ ಕಳಿಸುವಾಗ ನಮ್ಮೂರ ಕೆರೆಯಲ್ಲಿ ಫಾಸ್ಫೇಟ್ ಅಳತೆ ನಾಲ್ಕು ಕಡೆ ಮಾತ್ರ ಮುಗಿದಿತ್ತು. ಈಗ ಹನ್ನೊಂದು ಕಡೆ ಆಗಿದೆ. ಚರಂಡಿ ಬಂದು ಸೇರುವಲ್ಲಿ ಹೆಚ್ಚಿರುತ್ತದೆ ಎಂದುಕೊಂಡಿದ್ದೆ. ಹೆಚ್ಚು ಬಂದದ್ದು ಗದ್ದೆ ಬದಿಯ ದಂಡೆಯಲ್ಲಿ. ಗೊಬ್ಬರ ಹಾಕಿದ ವಾರವೇ ಮಾದರಿ ತೆಗೆದದ್ದು ಕಾರಣವಿರಬಹುದೆಂದು ಹದಿನೈದು ದಿನ ಬಿಟ್ಟು ಮತ್ತೆ ಅಳೆಯುತ್ತಿದ್ದೇನೆ.’ ಇಲ್ಲಿ ಹೊಸ ಅಂಕಿ ಇದೆ, ತಪ್ಪಿದ ಊಹೆ ಇದೆ, ಮುಂದಿನ ಹೆಜ್ಜೆ ಇದೆ. ಓದುವವರಿಗೆ ಒಬ್ಬ ವಿದ್ಯಾರ್ಥಿ ಕಣ್ಣಿಗೆ ಕಾಣುತ್ತಾಳೆ.

ಕೊನೆಗೆ ಆ ಕಾಲೇಜಿನ ಒಂದು ನಿರ್ದಿಷ್ಟ ಕೋರ್ಸನ್ನೋ ಪ್ರಯೋಗಾಲಯವನ್ನೋ ಈ ಕೆಲಸಕ್ಕೆ ಜೋಡಿಸಿ, ಎರಡು ಸಾಲು ಸಾಕು. ಮೂಲ ಅರ್ಜಿಯ ಎಸ್ಸೆಯಲ್ಲಿ ಹೇಳಿದ ಪ್ರಾಧ್ಯಾಪಕರ ಹೆಸರನ್ನೇ ಮತ್ತೆ ಹೇಳಬೇಡಿ. ಡಿಫರ್ ಮಾಡಿದ್ದು ಅನ್ಯಾಯ ಎಂಬ ಧ್ವನಿ, ‘ನನಗಿಂತ ಕಡಿಮೆ ಅಂಕದವರಿಗೆ ಸಿಕ್ಕಿದೆ’ ಎಂಬ ಹೋಲಿಕೆ ಸುಳಿಯಲೂ ಬಾರದು. ಎಐ ಬರೆದುಕೊಟ್ಟ ನುಣುಪು ಪತ್ರ ನಿಮ್ಮ ನವೆಂಬರ್ ಎಸ್ಸೆಯ ಪಕ್ಕದಲ್ಲೇ ಇರುತ್ತದೆ ಎಂಬುದೂ ನೆನಪಿರಲಿ.

ಹಂತ 6: ಜೊತೆಗೆ ಇನ್ನೇನು ಹೋಗಬಹುದು

ಹೆಚ್ಚುವರಿ ಶಿಫಾರಸು ಪತ್ರ: ಕಾಲೇಜು ಒಪ್ಪಿದರೆ ಮಾತ್ರ, ಒಂದೇ ಒಂದು, ಮೊದಲ ಇಬ್ಬರು ಶಿಕ್ಷಕರು ಕಾಣದ ಮುಖವನ್ನು ಕಂಡವರಿಂದ. ಕಂಪನಿಯ ದೊಡ್ಡ ಹುದ್ದೆಯಲ್ಲಿರುವ ಚಿಕ್ಕಪ್ಪನ ಗೆಳೆಯರು, ಶಾಸಕರು ಬರೆದ ಕಾಗದ ಕೆಲಸಕ್ಕೆ ಬಾರದು.

ಸ್ಯಾಟ್: ಡಿಸೆಂಬರ್ ಪರೀಕ್ಷೆಯಲ್ಲಿ ಅಂಕ ಏರಿದ್ದರೆ ಕಳಿಸಿ. ಭಾರತದಲ್ಲಿ ಕೂತು ಬರೆಯುವವರಿಗೆ ಅದರ ಮುಂದಿನದು ಮಾರ್ಚ್‌ನಲ್ಲಿ, ಆ ಹೊತ್ತಿಗೆ ತೀರ್ಮಾನ ಮುಗಿದಿರುತ್ತದೆ. ಆ ತಯಾರಿಯ ಸಮಯವನ್ನು ಬೋರ್ಡ್ ಪರೀಕ್ಷೆಗೆ ಕೊಡಿ.

ಅಮೆರಿಕದಲ್ಲೇ ಶಾಲೆಗೆ ಹೋಗುತ್ತಿರುವ ಕನ್ನಡದ ಮನೆಗಳ ಮಕ್ಕಳಿಗೆ ಒಂದು ಮಾತು. ಪೋಷಕರನ್ನು ಅವಲಂಬಿಸಿದ ಎಚ್-4 ವೀಸಾದಲ್ಲಿದ್ದು ಈ ಚಳಿಗಾಲದಲ್ಲಿ ಗ್ರೀನ್ ಕಾರ್ಡ್ ಬಂದರೆ ಅದನ್ನು ಕೂಡಲೇ ಕಾಲೇಜಿಗೆ ತಿಳಿಸಿ. ಫೆಡರಲ್ ನೆರವಿಗೆ ನೀವು ಅರ್ಹರಾಗುತ್ತೀರಿ, ವಿದೇಶಿ ವಿದ್ಯಾರ್ಥಿಗಳ ಸಾಲಿನಿಂದಲೂ ಹೊರಬರುತ್ತೀರಿ. ನಿಮ್ಮ ಶಾಲೆಯ ಕೌನ್ಸೆಲರ್ ಅಡ್ಮಿಷನ್ ಕಚೇರಿಗೆ ಫೋನ್ ಮಾಡುವ ರೂಢಿ ಇದ್ದರೆ ಜನವರಿಯಲ್ಲಿ ಕೇಳಿನೋಡಿ.

ಅಪಾಯದ ಸೂಚನೆಗಳು

ಇವುಗಳಲ್ಲಿ ಯಾವುದಾದರೂ ಕಂಡರೆ ಅಂದೇ ಕ್ರಮ ತೆಗೆದುಕೊಳ್ಳಿ. ಫೆಬ್ರವರಿ 10 ಕಳೆದರೂ ಮಿಡ್-ಇಯರ್ ಬಂದಿಲ್ಲವೆಂದು ಪೋರ್ಟಲ್ ತೋರಿಸುತ್ತಿದೆ. ನೆರವಿಗಾಗಿ ತುಂಬುವ ಸಿಎಸ್‌ಎಸ್ ಪ್ರೊಫೈಲ್ ಅಥವಾ ತಂದೆ ತಾಯಿಯ ಆದಾಯದ ದಾಖಲೆ ಬಾಕಿ ಎಂದು ಕೆಂಪು ಗುರುತಿದೆ. ಹನ್ನೆರಡನೇ ತರಗತಿಯಲ್ಲಿ ಒಂದು ವಿಷಯ ಕೈಬಿಟ್ಟಿದ್ದೀರಿ, ಅದನ್ನು ಕಾಲೇಜಿಗೆ ಹೇಳಿಲ್ಲ. ಏಜೆಂಟರು ‘ಒಳಗೆ ನಮಗೆ ಪರಿಚಯ ಇದೆ, ಡಿಫರ್‌ನಿಂದ ಎತ್ತಿಸುತ್ತೇವೆ’ ಎಂದು ಹಣ ಕೇಳುತ್ತಿದ್ದಾರೆ. ಅಂಥ ಪರಿಚಯ ಯಾರಿಗೂ ಇಲ್ಲ, ನಿಮ್ಮ ಹೆಸರಲ್ಲಿ ಹೋಗುವ ಸುಳ್ಳು ಕಾಗದದ ಹೊಣೆ ಮಾತ್ರ ನಿಮ್ಮದು. ಅಪ್ಪ ಅಥವಾ ಅಮ್ಮ ಕಚೇರಿಗೆ ಇಮೇಲ್ ಹಾಕಲು ಶುರುಮಾಡಿದ್ದಾರೆ: ನೆರವಿನ ಪ್ರಶ್ನೆ ಬಿಟ್ಟು ಉಳಿದದ್ದನ್ನೆಲ್ಲ ಮಕ್ಕಳೇ ಬರೆಯಬೇಕು. ವಾರಕ್ಕೊಂದು ಅಪ್‌ಡೇಟ್, ಮೈಸೂರು ಪಾಕ್ ಪಾರ್ಸೆಲ್, ವಿಡಿಯೊ, ಎಲ್ಲವೂ ನಿಮಗೇ ತಿರುಗುತ್ತವೆ.

ಹಂತ 7: ಉತ್ತರ ಬಂದ ಮೇಲೆ

ಎಂಐಟಿ ಮಾರ್ಚ್ ಮಧ್ಯದಲ್ಲಿ, ಹಾರ್ವರ್ಡ್, ಯೇಲ್‌ನಂಥ ಐವಿ ಕಾಲೇಜುಗಳು ಮಾರ್ಚ್ ಕೊನೆಯಲ್ಲಿ ಉತ್ತರ ಕೊಡುತ್ತವೆ. ಸೀಟು ಸಿಕ್ಕರೆ ಮೇ 1ರವರೆಗೆ ಯೋಚಿಸಲು ಸಮಯವಿದೆ, ಏಕೆಂದರೆ ಈಗ ಅದು ರೆಗ್ಯುಲರ್ ಸೀಟು, ಕಟ್ಟುಪಾಡಿಲ್ಲ. ವೇಟ್‌ಲಿಸ್ಟ್ (ಕಾಯುವ ಪಟ್ಟಿ) ಆದರೆ ಪೋರ್ಟಲ್‌ನಲ್ಲಿ ಒಪ್ಪಿಗೆ ಕೊಟ್ಟು, ಸಿಕ್ಕಿರುವ ಬೇರೆ ಕಾಲೇಜಿಗೆ ಮೇ 1ರೊಳಗೆ ಹಣ ಕಟ್ಟಿಬಿಡಿ. ವಿದೇಶಿ ವಿದ್ಯಾರ್ಥಿಗೆ ವೀಸಾಕ್ಕೆ ಬೇಕಾದ, ಕಾಲೇಜು ಕೊಡುವ ಐ-20 ಬಂದು, ವೀಸಾ ಸಂದರ್ಶನದ ದಿನ ಸಿಗಬೇಕು. ಜುಲೈನಲ್ಲಿ ವೇಟ್‌ಲಿಸ್ಟ್ ತೆರೆಯುತ್ತದೆಂದು ಕೈ ಖಾಲಿ ಇಟ್ಟುಕೊಂಡು ಕೂರುವಂತಿಲ್ಲ.

ಬೋರ್ಡ್ ಫಲಿತಾಂಶ ಬಂದ ಮೇಲೆ ಶಾಲೆಯಿಂದ ಫೈನಲ್ ರಿಪೋರ್ಟ್ ಹೋಗಬೇಕು. ಅಂಕ ಶಾಲೆ ಕೊಟ್ಟ ಅಂದಾಜಿಗಿಂತ ತೀರಾ ಕೆಳಗಿದ್ದರೆ ಸೀಟು ಹಿಂದಕ್ಕೆ ತೆಗೆದುಕೊಳ್ಳುವ ಹಕ್ಕು ಕಾಲೇಜಿಗಿದೆ. ಅಂಥ ಸ್ಥಿತಿಯಲ್ಲಿ ಅವರು ಕೇಳುವ ಮೊದಲೇ ಕಾರಣ ಬರೆದು ಕಳಿಸಿ, ಮರುಮೌಲ್ಯಮಾಪನಕ್ಕೆ ಹಾಕಿದ್ದರೆ ಅದರ ರಸೀದಿಯನ್ನೂ ಲಗತ್ತಿಸಿ.